ಬಿಕ್ಕಲಂ ಯಾರದು?

ಹಳೇ ಕ್ರಯಪತ್ರವೋ ಭೋಗ್ಯದ ಪತ್ರವೋ ಕೈಗೆ ಬಂದರೆ ನಾನು ಮೊದಲು ನೋಡುವುದು ಅದರ ತಳವನ್ನು. ಬರೆದುಕೊಟ್ಟವರ ರುಜು, ಸಾಕ್ಷಿಗಳ ರುಜು, ಹೆಬ್ಬೆಟ್ಟಿನ ಗುರುತು ಎಲ್ಲ ಮುಗಿದ ಮೇಲೆ ‘ಬಿಕ್ಕಲಂ’ ಎಂದು ಬರೆದು ಅದರ ಮುಂದೆ ಒಂದು ಹೆಸರು ಹಾಕಿರುತ್ತಾರೆ. ಪತ್ರ ಬರೆದ ಕೈ ಯಾರದು ಎನ್ನುವುದಕ್ಕೆ ಆ ಗುರುತು. ಗುಂಟೆ ಲೆಕ್ಕ ಹೆಚ್ಚುಕಡಿಮೆಯಾದರೆ, ಚಕ್ಕುಬಂದಿಯಲ್ಲಿ ಮೂಡಲು ಪಡುವಲು ಅದಲುಬದಲಾದರೆ ಆ ಮನುಷ್ಯನನ್ನು ಕರೆಸಿ ಕೇಳಬಹುದಿತ್ತು. ಜಮೀನು ಅವನದಲ್ಲ, ದುಡ್ಡು ಅವನದಲ್ಲ. ಬರಹ ಮಾತ್ರ ಅವನದು. ಆ ಬರಹಕ್ಕೆ ಅವನು ಉತ್ತರ ಹೇಳಬೇಕಿತ್ತು.

ನಾನೂ ಆ ಸಾಲಿನವನೇ. ಕೈಲಾಂಚ ಹೋಬಳಿಯ ಒಂದು ಹಳ್ಳಿಯಲ್ಲಿ ಹುಟ್ಟಿ, ನಲವತ್ತು ವರ್ಷಕ್ಕೂ ಮೇಲೆ ರಾಮನಗರದಲ್ಲಿ ಅರ್ಜಿ ಬರೆದು ಸಂಸಾರ ಸಾಕಿದವನು. ಖಾತೆ ಬದಲಾವಣೆ, ಪೋಡಿ, ಹದ್ದುಬಸ್ತು, ಪೌತಿ ಖಾತೆ, ಪಹಣಿ ತಿದ್ದುಪಡಿ, ಹೀಗೆ ಜನ ತಮ್ಮ ಭೂಮಿಯ ಬಗ್ಗೆ ಸರ್ಕಾರದ ಜೊತೆ ಮಾತಾಡಬೇಕಾದಾಗ ಅವರ ಮಾತನ್ನು ಕಾಗದಕ್ಕೆ ಇಳಿಸುವುದು ನನ್ನ ಕಸುಬು. ನನ್ನ ಮಗಳು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾಳೆ. ಕೃತಕ ಬುದ್ಧಿಮತ್ತೆಯ ಯಂತ್ರ ಒಬ್ಬ ಮನುಷ್ಯನ ಬಗ್ಗೆ ತೀರ್ಮಾನ ಮಾಡಿದರೆ ಅದರ ಹೊಣೆ ಯಾರದು ಎನ್ನುವುದೇ ಈಗ ಪ್ರಪಂಚದ ದೊಡ್ಡ ಪ್ರಶ್ನೆ ಎಂದು ಅವಳು ಹೇಳುತ್ತಾಳೆ. ಅವಳ ಮಾತು ಕೇಳಿದಾಗ ನನಗೆ ನೆನಪಾಗುವುದು ನಮ್ಮೂರ ಚಾವಡಿ. ಅಲ್ಲಿ ಈ ಪ್ರಶ್ನೆ ಬಹಳ ಹಳೆಯದು. ಅದಕ್ಕೆ ನಮ್ಮ ಸೀಮೆಯವರು ಉತ್ತರಗಳನ್ನೂ ಕಂಡುಕೊಂಡಿದ್ದರು. ಅದರಲ್ಲಿ ಕೆಲವನ್ನು ಕಳೆದುಕೊಂಡೆವು.

ನಮ್ಮ ತಾತ ಸರ್ಕಾರಿ ಲೆಕ್ಕದಲ್ಲಿ ತೋಟಿ, ಊರ ಬಾಯಲ್ಲಿ ಕುಳವಾಡಿ. ಶಾನುಭೋಗರ ಲೆಕ್ಕದ ಗಂಟು ಹೊರುವುದು, ತಮಟೆ ಹೊಡೆದು ಕಂದಾಯದ ದಿನ ಸಾರುವುದು, ಅಮಲ್ದಾರರು ಬಂದರೆ ಹೊಲದ ಎಲ್ಲೆ ತೋರಿಸುವುದು ಅವರ ಕೆಲಸ. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಊರಿನ ಯಾವ ಬಾಂದುಕಲ್ಲು ಯಾವ ಹುಣಸೆಮರದಿಂದ ಎಷ್ಟು ಹೆಜ್ಜೆ, ಯಾವ ಬದು ಯಾರ ಕಾಲದಲ್ಲಿ ಸರಿಯಿತು ಎನ್ನುವುದೆಲ್ಲ ಅವರಿಗೆ ಬಾಯಿಪಾಠ. ಎಲ್ಲೆಯ ಜಗಳ ಬಂದರೆ ಗೌಡರೂ ಶಾನುಭೋಗರೂ ಅವರನ್ನೇ ಕರೆಸುತ್ತಿದ್ದರು. ಬಂದು ನಿಲ್ಲುವುದು ಮಾತ್ರ ಚಾವಡಿಯ ಕೆಳಗೆ, ಬಿಸಿಲಲ್ಲಿ.

ಈ ಕುಳವಾಡಿಗಳ ಬಗ್ಗೆ ಮೈಸೂರು ಸೀಮೆಯಲ್ಲಿ ಅಧಿಕಾರಿಯಾಗಿದ್ದ ಕ್ಯಾಪ್ಟನ್ ಮೆಕೆಂಜಿ ಎಂಬವರು 1873ರಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಬರೆದಿದ್ದಾರೆ. ಎರಡು ಊರುಗಳ ನಡುವೆ ಗಡಿಯ ವ್ಯಾಜ್ಯ ಬಂದಾಗ ಊರಿನ ಮಣ್ಣನ್ನು ಉಂಡೆ ಮಾಡಿ, ನಡುವೆ ನೀರಿಟ್ಟು, ಕುಳವಾಡಿಯ ತಲೆಯ ಮೇಲೆ ಹೊರಿಸುತ್ತಿದ್ದರು. ಅವನು ನಡೆದದ್ದೇ ಗಡಿ. ನಿಜವಾದ ಎಲ್ಲೆಯ ಮೇಲೆ ನಡೆದರೆ ಉಂಡೆ ಹಾಗೇ ನಿಲ್ಲುತ್ತದೆ. ಒಂದು ಹೆಜ್ಜೆ ತಪ್ಪಿದರೆ ತಾನಾಗಿ ಒಡೆಯುತ್ತದೆ. ಒಡೆದರೆ ಹದಿನೈದು ದಿನದೊಳಗೆ ಅವನು ಸಾಯುತ್ತಾನೆ, ಅವನ ಮನೆ ಹಾಳಾಗುತ್ತದೆ ಎಂಬುದು ನಂಬಿಕೆ. ತಾತನೂ ಇದನ್ನು ಹೇಳುತ್ತಿದ್ದರು, ತಾವು ಹೊತ್ತದ್ದಾಗಿ ಅಲ್ಲ, ತಮ್ಮ ಹಿರಿಯರು ಹೊತ್ತದ್ದಾಗಿ.

ಈ ಕತೆಯನ್ನು ನಾನು ಬಹಳ ಸಲ ಮನಸ್ಸಿನಲ್ಲಿ ಹೊರಳಿಸಿ ನೋಡಿದ್ದೇನೆ. ಅದರಲ್ಲಿ ಒಂದು ದೊಡ್ಡ ತಿಳಿವಳಿಕೆಯಿದೆ: ಗಡಿ ಹೇಳುವವನು ಊರಿನ ಕಣ್ಣೆದುರೇ ಹೇಳಬೇಕು, ತನ್ನ ಮಾತಿಗೆ ತಾನು ತಲೆ ಕೊಡಬೇಕು. ಒಂದು ದೊಡ್ಡ ಅನ್ಯಾಯವೂ ಇದೆ. ಆ ಗಡಿಯೊಳಗೆ ಒಂದು ಗೇಣು ನೆಲವೂ ತನ್ನದಲ್ಲದವನ ತಲೆಯ ಮೇಲೆ ಉಂಡೆ ಇಟ್ಟರು. ನೆಲದ ಲಾಭ ಗೌಡನಿಗೆ, ಬರಹದ ಅಧಿಕಾರ ಶಾನುಭೋಗನಿಗೆ, ತಪ್ಪಿದರೆ ಸಾವು ಕುಳವಾಡಿಗೆ. ಹೊಣೆಗಾರಿಕೆಯ ಮಾತು ಯಾರೇ ಆಡಿದರೂ ಹೊಣೆಯನ್ನು ಯಾರ ತಲೆಗೆ ಕಟ್ಟುತ್ತಿದ್ದಾರೆ ಎಂದು ನಾನು ಕೇಳುವುದು ಇದೇ ಕಾರಣಕ್ಕೆ.

ಬರಹದ ಅಧಿಕಾರ ಇದ್ದದ್ದು ಕಡತದಲ್ಲಿ. ಈಗ ಕಡತ ಎಂದರೆ ಕಚೇರಿಯ ಫೈಲು. ಆಗ ಅದು ಬಟ್ಟೆಯ ಪುಸ್ತಕ. ಹತ್ತಿ ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿ, ಮೇಲೂ ಕೆಳಗೂ ಹಲಗೆ ಕಟ್ಟುತ್ತಿದ್ದರು. ಬರೆಯುವುದು ಬಳಪದಲ್ಲಿ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಹೊರತಂದ ಮೈಸೂರು ಇತಿಹಾಸದಲ್ಲಿ ಈ ಕಡತವನ್ನು ವರ್ಣಿಸಿ, ಅದರ ಬಾಳಿಕೆಯನ್ನು ಹೊಗಳಿದ್ದಾರೆ. ಅದರ ಇನ್ನೊಂದು ಗುಣವನ್ನೂ ಅವರು ಗಮನಿಸಿದ್ದರು: ಕಡತದ ಮೇಲೆ ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದು. ಶಾನುಭೋಗ ಒಂದು ಒದ್ದೆ ಬಟ್ಟೆ ಹಿಡಿದರೆ ಒಬ್ಬನ ಹೊಲ ಇನ್ನೊಬ್ಬನ ಹೆಸರಿಗೆ ಹೋಗಬಹುದಿತ್ತು.

ಶಾನುಭೋಗ ಎಂಬ ಮಾತು ಶಾಸನಗಳ ‘ಸೇನಬೋವ’ನಿಂದ ಬಂದದ್ದು. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ 9ನೇ ಸಂಪುಟ ಆಗಿನ ಬೆಂಗಳೂರು ಜಿಲ್ಲೆಯದು, ಮಾಗಡಿ, ಚನ್ನಪಟ್ಟಣ, ಕನಕಪುರ ಸೀಮೆಯ ಕಲ್ಲುಬರಹಗಳೆಲ್ಲ ಅದರಲ್ಲಿವೆ. ಕನ್ನಡದ ಶಾಸನಗಳಲ್ಲಿ ದಾನದ ವಿವರ ಮುಗಿದ ಮೇಲೆ ಬರೆದ ಸೇನಬೋವನ ಹೆಸರನ್ನೂ ಕಂಡರಿಸಿದ ರೂವಾರಿಯ ಹೆಸರನ್ನೂ ಹೇಳುವ ವಾಡಿಕೆ ಇತ್ತು. ಕಲ್ಲಿನ ಮೇಲಿನ ಆ ಹೆಸರು ಕಾಗದಕ್ಕೆ ಇಳಿದು ಬಿಕ್ಕಲಂ ಆಯಿತು ಎಂದುಕೊಂಡರೆ ನನ್ನ ಕಸುಬಿನ ಬಗ್ಗೆ ನನಗೆ ಗೌರವ ಹೆಚ್ಚುತ್ತದೆ.

ಶಾನುಭೋಗರ ಅಂದಾಜು ಲೆಕ್ಕವನ್ನು ಅಳತೆಯ ಲೆಕ್ಕಕ್ಕೆ ತಂದದ್ದು ಸರ್ವೆ. ಕಮಿಷನರ್ ಬೌರಿಂಗ್ ಅವರ ಕಾಲದಲ್ಲಿ, 1863ರಲ್ಲಿ, ಬೊಂಬಾಯಿ ಪದ್ಧತಿಯಂತೆ ಮೈಸೂರು ಸೀಮೆಯ ಸರ್ವೆ ಶುರುವಾಯಿತು. 33 ಅಡಿಯ ಸರಪಳಿ, ಅದಕ್ಕೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಒಂದು ಗುಂಟೆ. 40 ಗುಂಟೆ ಒಂದು ಎಕರೆ. ಇವತ್ತಿಗೂ ನಮ್ಮ ಜನ ಸೈಟಿನ ಲೆಕ್ಕ ಹೇಳುವಾಗ ಗುಂಟೆಗೆ 1,089 ಚದರಡಿ ಎನ್ನುವುದು ಆ ಸರಪಳಿಯ ಲೆಕ್ಕವೇ. ಅಳತೆಯ ಹಿಂದೆಯೇ ಮಣ್ಣಿನ ವರ್ಗ ಮಾಡುವವರು ಬಂದರು. ಹಾರೆ ಹಾಕಿ ಮಣ್ಣು ಎಷ್ಟು ಆಳವಿದೆ ನೋಡುವುದು, ಬಣ್ಣ ನೋಡುವುದು, ಕಲ್ಲು, ಮರಳು, ಇಳಿಜಾರು ಇದ್ದರೆ ಅಷ್ಟಷ್ಟು ಕಳೆಯುವುದು, ಉಳಿದದ್ದನ್ನು ಆಣೆಯಲ್ಲಿ ಹೇಳುವುದು. ಆ ಆಣೆಯ ಮೇಲೆ ಕಂದಾಯ. ಮಗಳಿಗೆ ಇದನ್ನು ವಿವರಿಸಿದಾಗ ಅವಳು, “ಅಪ್ಪಾ, ಇದೇ ಅಲ್ವಾ ಅಲ್ಗಾರಿದಮ್ ಅನ್ನೋದು?” ಎಂದಳು. ಇರಬಹುದು. ಮನುಷ್ಯನ ಬಾಳಿನ ಒಂದು ಭಾಗವನ್ನು ಗುರುತುಗಳಾಗಿ ಒಡೆದು, ಗುರುತಿಗೆ ಅಂಕ ಕೊಟ್ಟು, ಅಂಕದ ಮೇಲೆ ತೀರ್ಮಾನ ಮಾಡುವ ವಿದ್ಯೆ ನಮ್ಮ ಹೊಲಗಳಿಗೆ ಕಂಪ್ಯೂಟರಿಗಿಂತ ಬಹಳ ಮೊದಲೇ ಬಂದಿತ್ತು.

ಸರಪಳಿಯ ತುದಿ ಹಿಡಿದದ್ದು ತೋಟಿಗಳು. ಪುಸ್ತಕ ಹಿಡಿದದ್ದು ಬೇರೆಯವರು. ಆ ಪುಸ್ತಕಗಳಿಗೆ ಮಾತ್ರ ಎಂಥ ಆಯಸ್ಸು! ನಮ್ಮ ಪಟ್ಟಣ ಟಿಪ್ಪುವಿನ ಕಾಲದಲ್ಲಿ ಶಂಶೇರಾಬಾದ್, ಆಮೇಲೆ ಕ್ಲೋಸ್‌ಪೇಟೆ, ಆಮೇಲೆ ರಾಮನಗರ. ಜಿಲ್ಲೆ ಬೆಂಗಳೂರಿನಿಂದ 1986ರಲ್ಲಿ ಬೆಂಗಳೂರು ಗ್ರಾಮಾಂತರಕ್ಕೆ, 2007ರಲ್ಲಿ ರಾಮನಗರಕ್ಕೆ ಬದಲಾಯಿತು. 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರಾಯಿತು. ಇಷ್ಟೆಲ್ಲ ಬದಲಾದರೂ ಹೊಲದ ಸರ್ವೆ ನಂಬರು ಹಳೆಯದೇ. ಒಮ್ಮೆ ದಾಖಲೆಗೆ ಬಿದ್ದ ಅಂಕಿ ರಾಜರಿಗಿಂತ, ಜಿಲ್ಲೆಗಳಿಗಿಂತ ಹೆಚ್ಚು ಕಾಲ ಬಾಳುತ್ತದೆ. ಅದರಲ್ಲಿ ಬಿದ್ದ ತಪ್ಪಿಗೂ ಅಷ್ಟೇ ಆಯಸ್ಸು.

1961ರ ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂತು. ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆ, ತೋಟಿ, ತಳವಾರಿಕೆ, ನೀರಗಂಟಿಕೆ ಎಲ್ಲ ಮುಗಿದವು. ಸಂಬಳದ ಗ್ರಾಮ ಲೆಕ್ಕಿಗರು ಬಂದರು. ತಾತನಿಗೆ ತೋಟಿ ಕೆಲಸಕ್ಕೆಂದು ಬಿಟ್ಟಿದ್ದ ಇನಾಮು ಜಮೀನು ಮರುಮಂಜೂರಾಗಿ ಅಪ್ಪನ ಹೆಸರಿಗೆ ಪಹಣಿ ಬಂತು. ಆ ದಿನ ಅಪ್ಪ ಪಹಣಿಯನ್ನು ಓದಲು ಬಾರದೆ, ಹೆಸರು ಎಲ್ಲಿದೆ ಎಂದು ಲೆಕ್ಕಿಗರನ್ನು ಕೇಳಿ, ಅವರು ತೋರಿಸಿದ ಜಾಗದ ಮೇಲೆ ಬೆರಳಿಟ್ಟು ಬಹಳ ಹೊತ್ತು ತೆಗೆಯಲಿಲ್ಲ ಎಂದು ಅವ್ವ ಹೇಳುತ್ತಿದ್ದಳು. ಜೀವಮಾನವೆಲ್ಲ ಇನ್ನೊಬ್ಬರ ಲೆಕ್ಕದ ಗಂಟು ಹೊತ್ತ ಮನೆತನ ತನ್ನದೇ ಹೆಸರನ್ನು ಲೆಕ್ಕದೊಳಗೆ ಕಂಡದ್ದು ಅದೇ ಮೊದಲು. ಕಾಗದಕ್ಕೆ ಎಂಥ ಶಕ್ತಿ ಇದೆಯೆಂದು ನಮ್ಮ ಮನೆಗೆ ಯಾರೂ ಹೇಳಿಕೊಡಬೇಕಿಲ್ಲ.

ನಾನು ಮೊದಲ ಅರ್ಜಿ ಬರೆದದ್ದು ಎಸ್ಸೆಸ್ಸೆಲ್ಸಿ ಓದುತ್ತಿದ್ದಾಗ. ದೇವರಾಜ ಅರಸು ಅವರ ಸರ್ಕಾರದ ಭೂಸುಧಾರಣೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತ್ತು. ಗೇಣಿದಾರರು ನಮೂನೆ 7ರಲ್ಲಿ ಭೂನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ರಾಜ್ಯದಲ್ಲಿ 8 ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ಅವುಗಳಲ್ಲಿ ಕೆಲವು ನನ್ನ ಎಳೆಯ ಕೈಬರಹದವು. ಆಗಲೇ ಪಹಣಿಯ ಅಂಕಣಗಳ ಪರಿಚಯವಾದದ್ದು. 9ನೇ ಕಾಲಂ ಮಾಲೀಕನ ಹೆಸರು, 11ನೇ ಕಾಲಂ ಹಕ್ಕು ಮತ್ತು ಋಣ, 12ನೇ ಕಾಲಂ ಸಾಗುವಳಿ ಮಾಡುವವನ ಹೆಸರು. 12ರಲ್ಲಿ ಗೇಣಿದಾರನ ಹೆಸರಿದ್ದರೆ ಉತ್ತವನಿಗೆ ನೆಲ ಸಿಗುವ ದಾರಿ ಸಲೀಸು. ಆದರೆ ಎಷ್ಟು ಕಡೆ ಅಲ್ಲಿ ‘ಸ್ವಂತ’ ಎಂದು ಬರೆದುಬಿಟ್ಟಿದ್ದರು! ಇಪ್ಪತ್ತು ಮೂವತ್ತು ವರ್ಷ ವಾರಕ್ಕೆ ಮಾಡಿದವನ ಬೆವರು ಆ ಒಂದು ಮಾತಿನ ಕೆಳಗೆ ಹೂತುಹೋಗಿತ್ತು.

1964ರ ಭೂಕಂದಾಯ ಕಾಯ್ದೆಯ 133ನೇ ಪ್ರಕರಣ ಹಕ್ಕುದಾಖಲೆಯ ನಮೂದನ್ನು ನಿಜವೆಂದೇ ಭಾವಿಸಬೇಕು ಎನ್ನುತ್ತದೆ. ಅಲ್ಲಿಗೇ ನಿಲ್ಲುವುದಿಲ್ಲ. ಅದಕ್ಕೆ ವಿರುದ್ಧವಾದದ್ದು ರುಜುವಾತಾಗುವವರೆಗೆ ಎಂದೂ ಸೇರಿಸುತ್ತದೆ. ಆ ಸೇರಿಸಿದ ಮಾತೇ ಬಡವನ ಬಾಗಿಲು. ನ್ಯಾಯಮಂಡಳಿಯ ಮುಂದೆ ಮೊದಮೊದಲು ವಕೀಲರಿಗೆ ಅವಕಾಶವಿರಲಿಲ್ಲ. ರೈತನೇ ನಿಂತು ಹೇಳಬೇಕು, ನೆರೆಹೊಲದವರು ಬಂದು ಸಾಕ್ಷಿ ನುಡಿಯಬೇಕು. “ಪಹಣೀಲಿ ಏನಾದ್ರೂ ಬರ್ಕೊಳ್ಲಿ ಸ್ವಾಮಿ, ಆ ಹೊಲದಲ್ಲಿ ರಾಗಿ ಕೂರಿಗೆ ಹಿಡಿದೋನು ಇವನೇ” ಎಂದು ಒಬ್ಬ ಮುದುಕಪ್ಪ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಬರೆದಿಟ್ಟದ್ದರ ಎದುರು ಕಂಡದ್ದನ್ನು ಹೇಳುವ ಮನುಷ್ಯನಿಗೆ ಒಂದು ಜಾಗ ಇತ್ತು. ಎಲ್ಲರಿಗೂ ನ್ಯಾಯ ಸಿಗಲಿಲ್ಲ. ಎಲ್ಲೆಗಲ್ಲಿನಂತೆ ಗಟ್ಟಿಯಾದ ಜಮೀನ್ದಾರರ ಕೈ ಎಷ್ಟೋ ಕಡೆ ಮೇಲಾಯಿತು. ಆದರೂ ಆ ಜಾಗ ಇತ್ತು.

ಗ್ರಾಮ ಲೆಕ್ಕಿಗರ ಕಾಲದ ಕಷ್ಟವನ್ನೂ ಮರೆಯಬಾರದು. ಪಹಣಿ ಅವರ ಚೀಲದಲ್ಲಿ. ಒಂದು ನಕಲಿಗೆ ಹತ್ತು ಸಲ ಅಲೆಯಬೇಕು, ಕೈ ಬಿಸಿ ಮಾಡಬೇಕು. ರಾಜ್ಯದ ಸುಮಾರು 9,000 ಲೆಕ್ಕಿಗರ ಚೀಲದಲ್ಲಿದ್ದ ಈ ಲೋಕವನ್ನು ‘ಭೂಮಿ’ ಯೋಜನೆ 2000ದ ಆಸುಪಾಸಿನಲ್ಲಿ ಕಂಪ್ಯೂಟರಿಗೆ ತಂದಿತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದಾಳಾಗಿ ನಿಂತ ಯೋಜನೆ ಅದು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಯಂತ್ರಕ್ಕೆ ಹೋದವು. ಆಗ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಸಿಗುತ್ತಿತ್ತು. ಕೈಬರಹದ ಪಹಣಿಗೆ ಬೆಲೆ ಹೋಯಿತು. ನೌಕರ ಯಂತ್ರದೊಳಗೆ ಹೋಗಬೇಕಾದರೆ ಬೆರಳಚ್ಚು ಕೊಡಬೇಕು. ಯಾರು ಯಾವಾಗ ಏನು ಬದಲಿಸಿದರು ಎಂಬುದು ಉಳಿಯುತ್ತದೆ. ಅದೂ ಒಂದು ಬಗೆಯ ಬಿಕ್ಕಲಂ ಎಂದು ನಾನು ಸಂತೋಷಪಟ್ಟೆ.

ಆ ಭೂಮಿ ಕೇಂದ್ರದಲ್ಲಿ ನನಗೆ ಬಹಳ ಹಿಡಿಸಿದ್ದು ಎರಡನೇ ಪರದೆ. ಒಳಗೆ ಕೂತವರ ಮುಂದೆ ಒಂದು ಪರದೆ, ಕಿಟಕಿಯ ಹೊರಗೆ ನಿಂತ ರೈತನ ಕಡೆಗೆ ಮುಖ ಮಾಡಿ ಇನ್ನೊಂದು. ಅವರು ನೋಡುತ್ತಿರುವುದನ್ನೇ ನೀವೂ ನೋಡಬಹುದು. ನಮ್ಮೂರಿನ ಒಬ್ಬ ಹೆಣ್ಣುಮಗಳನ್ನು ಕರೆದುಕೊಂಡು ಹೋಗಿದ್ದೆ. ಗಂಡ ತೀರಿಕೊಂಡು ವರ್ಷವಾಗಿತ್ತು. ಅವಳು ರಾತ್ರಿಶಾಲೆಯಲ್ಲಿ, ಸಾಕ್ಷರತಾ ಆಂದೋಲನದ ಕಾಲದಲ್ಲಿ, ಲಾಟೀನಿನ ಬೆಳಕಲ್ಲಿ ಅಕ್ಷರ ಕಲಿತವಳು. ಪರದೆಯ ಮೇಲಿನ ಸಾಲುಗಳನ್ನು ತುಟಿ ಅಲ್ಲಾಡಿಸಿಕೊಂಡು ಒಂದೊಂದಾಗಿ ಕೂಡಿಸಿದಳು. ಆಮೇಲೆ ನನ್ನ ತೋಳು ಹಿಡಿದು, “ಅಣ್ಣಾ, ನಮ್ಮ ಮಾವನ ಹೆಸರಲ್ಲಿ ಒತ್ತು ಬಿಟ್ಟೋಗಿದೆ ನೋಡಿ” ಎಂದಳು. ನಿಜ, ಒಂದು ಒತ್ತಕ್ಷರ ಬಿಟ್ಟಿತ್ತು. ಅಲ್ಲೇ ಅರ್ಜಿ ಬರೆದೆವು. ಆ ತಪ್ಪು ಹಾಗೇ ಉಳಿದಿದ್ದರೆ ಮುಂದೆ ಬ್ಯಾಂಕಿನಲ್ಲಿ, ಕೋರ್ಟಿನಲ್ಲಿ ಅವಳ ಮಾವ ಬೇರೆಯೇ ಒಬ್ಬ ಮನುಷ್ಯನಾಗುತ್ತಿದ್ದ. ತನ್ನ ಬಗ್ಗೆ ಬರೆದದ್ದನ್ನು ತಾನೇ, ತನ್ನ ಭಾಷೆಯಲ್ಲಿ, ಬರೆಯುವ ಹೊತ್ತಿನಲ್ಲೇ ನೋಡುವ ಹಕ್ಕು ಎಷ್ಟು ದೊಡ್ಡದೆಂದು ಅವತ್ತು ಅವಳು ನನಗೆ ತೋರಿಸಿದಳು.

ನನ್ನ ತಾಯಿಯ ತವರಿನವರಿಗೆ ಆ ಭಾಗ್ಯ ಇರಲಿಲ್ಲ. ಅದು ಬೇರೊಂದು ತಾಲ್ಲೂಕು, ಹೆಸರು ಬೇಡ. ಕೈಬರಹದ ಪಹಣಿಯಲ್ಲಿ ಸೋದರಮಾವನ ಹೆಸರಿಗೆ ಎರಡು ಎಕರೆ ಇತ್ತು. ಯಂತ್ರಕ್ಕೆ ಏರುವಾಗ ಅದು ಇಪ್ಪತ್ತು ಗುಂಟೆ ಆಯಿತು. ಸೊನ್ನೆಯೊಂದು ಎಕರೆಯ ಮನೆಗೆ ಹೋಗಿ, ಎರಡರ ಅಂಕಿ ಗುಂಟೆಯ ಮನೆಗೆ ಜಾರಿತ್ತು. ಕಸುಬಿನಲ್ಲಿ ನಾವು ಇದನ್ನು 3 ಮತ್ತು 9ನೇ ಕಾಲಂ ಹೊಂದದ ಪಹಣಿ ಎನ್ನುತ್ತೇವೆ: ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ ಒಂದು ಹೇಳುತ್ತದೆ, ಮಾಲೀಕರ ಪಾಲು ಕೂಡಿಸಿದರೆ ಇನ್ನೊಂದು ಬರುತ್ತದೆ. ಅರ್ಜಿ ನಾನೇ ಬರೆದೆ. ಹೋದ ಕಡೆಯೆಲ್ಲ ಒಂದೇ ಮಾತು: “ಕಂಪ್ಯೂಟರಲ್ಲಿ ಹೀಗೇ ಬಂದಿದೆ.” ಯಂತ್ರಕ್ಕೆ ಅಂಕಿ ಒತ್ತಿದ ಹುಡುಗರು ಕೂಲಿಗೆ ಬಂದವರು, ಎಲ್ಲಿಗೋ ಹೋಗಿದ್ದರು. ನಕಲು ತಿದ್ದಿದವರು ವರ್ಗವಾಗಿದ್ದರು. ಮೂಲ ಪುಸ್ತಕ ಹುಡುಕಲು ಎರಡು ವರ್ಷ ಹಿಡಿಯಿತು. ತಿದ್ದುಪಡಿಯ ಆದೇಶ ಬಂದಾಗ ಮಾವ ಇರಲಿಲ್ಲ. ಶಾನುಭೋಗ ಅನ್ಯಾಯ ಮಾಡಿದ್ದರೆ ಅವನ ಜಗಲಿಗೆ ಹೋಗಿ ಕೂಗಾಡಬಹುದಿತ್ತು. ‘ಹೀಗೇ ಬಂದಿದೆ’ ಎಂಬ ಮಾತಿಗೆ ಜಗಲಿಯೇ ಇಲ್ಲ.

ಕಂದಾಯ ಅದಾಲತ್‌ಗಳನ್ನು ನಡೆಸಿ ಇಂಥ ಎಷ್ಟೋ ತಪ್ಪು ತಿದ್ದಿದರು ಎನ್ನುವುದನ್ನೂ ಹೇಳಬೇಕು. ಅಧಿಕಾರಿಗಳು ಹೋಬಳಿಗೇ ಬಂದು, ಮೇಜು ಹಾಕಿ ಕೂತು, ಹಳೇ ಪುಸ್ತಕ ಹೊಸ ಪಹಣಿ ಪಕ್ಕಪಕ್ಕ ಇಟ್ಟು ನೋಡಿದ ದಿನಗಳಲ್ಲಿ ಜನರ ಮುಖದಲ್ಲಿ ನೆಮ್ಮದಿ ಕಂಡಿದ್ದೇನೆ. ಯಂತ್ರ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ತಪ್ಪು ತಿದ್ದುವ ಮನುಷ್ಯ ಎದುರಿಗೆ ಸಿಕ್ಕಿದಾಗ ಯಂತ್ರವೂ ಒಳ್ಳೆಯದಾಗುತ್ತದೆ.

ಪಹಣಿ ಮೊಬೈಲಿಗೆ ಬಂದ ಮೇಲೆ ಇನ್ನೊಂದು ಸಂಗತಿ ಸೇರಿತು. ಹಿಂದೆ ಯಾರ ಹೊಲ ಯಾರಿಗೆ ಆಧಾರವಾಗಿದೆ ಎನ್ನುವುದು ಊರಿಗೆಲ್ಲ ಗೊತ್ತಿರುತ್ತಿತ್ತು. ಗೊತ್ತಿದ್ದವರು ಒಂದೇ ಬಾವಿಯ ನೀರು ಕುಡಿಯುವವರು. ಮಾತಾಡುವಾಗ ನಾಲಿಗೆ ಹಿಡಿಯುತ್ತಿದ್ದರು. ಈಗ ಹಳ್ಳಿಯ ಹೆಸರು, ಸರ್ವೆ ನಂಬರು ಒತ್ತಿದರೆ ಎಲ್ಲೋ ಕೂತವರಿಗೂ 11ನೇ ಕಾಲಮ್ಮಿನ ಬ್ಯಾಂಕ್ ಸಾಲ ಕಾಣುತ್ತದೆ. ಬೆಂಗಳೂರು ನಮ್ಮ ಕಡೆಗೆ ಬೆಳೆಯುತ್ತಿದೆ. ದಲ್ಲಾಳಿಗಳು ಹಳ್ಳಿಗೆ ಬರುವ ಮೊದಲೇ ಯಾರ ಮಾವಿನ ತೋಪಿನ ಮೇಲೆ ಎಷ್ಟು ಸಾಲವಿದೆ ಎಂದು ನೋಡಿಕೊಂಡು ಬಂದು, ಸಾಲ ಹೆಚ್ಚಿದ್ದವನ ಮನೆ ಬಾಗಿಲನ್ನೇ ಮೊದಲು ತಟ್ಟುತ್ತಾರೆ. ಸಾಲೊಮನ್ ಬೆಂಜಮಿನ್ ಮತ್ತು ಅವರ ಸಂಗಡಿಗರು 2007ರಲ್ಲೇ ಬೆಂಗಳೂರಿನ ಸುತ್ತ ‘ಭೂಮಿ’ ಯೋಜನೆಯನ್ನು ನೋಡಿ, ದಾಖಲೆ ಒಂದೆಡೆ ಸೇರಿದ್ದರಿಂದ ದೊಡ್ಡ ಜಮೀನು ವ್ಯವಹಾರದವರಿಗೆ ಅನುಕೂಲವಾಗಿದೆ ಎಂದು ಬರೆದಿದ್ದರು. ಎಲ್ಲರಿಗೂ ತೆರೆದ ಬಾಗಿಲು ಎಲ್ಲರಿಗೂ ಸಮಾನವಲ್ಲ. ಒಳಗೆ ಬರುವವನ ಜೇಬನ್ನೂ ನೋಡಬೇಕು.

ಈ ದೇಶದಲ್ಲಿ ಮನುಷ್ಯನ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದ ತೀರ್ಪಿಗೆ ಹೆಸರು ಕೊಟ್ಟವರು ನಮ್ಮ ರಾಜ್ಯದ ಕೆ. ಎಸ್. ಪುಟ್ಟಸ್ವಾಮಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಆಧಾರ್ ಬಗ್ಗೆ 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ, 2024ರಲ್ಲಿ ತೀರಿಕೊಂಡರು. ಅರ್ಜಿ ಬರೆಯುವ ಕಸುಬಿನವನಾಗಿ ನಾನು ಆ ಹಿರಿಯರನ್ನು ಭಕ್ತಿಯಿಂದ ನೆನೆಯುತ್ತೇನೆ. ಆ ತೀರ್ಪಿನ ಹಾದಿಯಲ್ಲೇ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ತನ್ನ ಬಗ್ಗೆ ಇರುವ ತಪ್ಪು ಮಾಹಿತಿಯನ್ನು ತಿದ್ದಿಸುವ ಹಕ್ಕು ಅದರಲ್ಲಿದೆ. ಅದೇ ಕಾಯ್ದೆ ಮಾಹಿತಿ ಹಕ್ಕಿನ 8(1)(ಜೆ) ಪ್ರಕರಣವನ್ನು ಬದಲಿಸಿ, ವೈಯಕ್ತಿಕ ಮಾಹಿತಿ ಎಂಬ ನೆಪದಲ್ಲಿ ಕಚೇರಿಗಳು ಬಾಯಿ ಮುಚ್ಚಿಕೊಳ್ಳಲು ದಾರಿ ಮಾಡಿತು ಎಂಬ ಕಳವಳವೂ ಇದೆ. ಬಡವನ ಸಾಲ ಎಲ್ಲರಿಗೂ ಕಾಣುವ, ಬಡವನ ಬಗ್ಗೆ ತೀರ್ಮಾನ ಮಾಡಿದವರು ಯಾರಿಗೂ ಕಾಣದ ಕಾಲ ಬರಬಾರದು.

ಈಗಿನ ಬದಲಾವಣೆಗಳು ಇನ್ನೂ ವೇಗದವು. 2024ರಲ್ಲಿ ಗ್ರಾಮ ಆಡಳಿತ ಅಧಿಕಾರಿಗಳು ಮನೆಮನೆಗೆ ಬಂದು ಪಹಣಿಗೆ ಆಧಾರ್ ಜೋಡಿಸಿದರು. ಬರ ಪರಿಹಾರ ಬರಬೇಕಾದರೆ ‘ಫ್ರೂಟ್ಸ್’ ಎಂಬ ರೈತರ ನೋಂದಣಿಯ ಗುರುತಿನ ಸಂಖ್ಯೆ ಬೇಕು. ಯಾವ ಹೊಲದಲ್ಲಿ ಏನು ಬೆಳೆ ಎನ್ನುವುದನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಏರಿಸುತ್ತಾರೆ. ‘ಭೂ ಸುರಕ್ಷಾ’ ಎಂದು ರೆಕಾರ್ಡ್ ರೂಮಿನ ಬಸ್ತಾಗಳನ್ನು ಬಿಚ್ಚಿ ಹಳೇ ಹಾಳೆಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ. ಗೆದ್ದಲಿನಿಂದಲೂ ಹಾಳೆ ಕಿತ್ತು ಹಾಕುವವರಿಂದಲೂ ಅವುಗಳನ್ನು ಉಳಿಸುವ ಪುಣ್ಯದ ಕೆಲಸ ಅದು. ಹಿಂದೆ ಖಾತೆ ಬದಲಾಗುವ ಮುಂಚೆ ಚಾವಡಿಗೆ ನೋಟೀಸು ಅಂಟಿಸಿ, ತಕರಾರಿಗೆ 30 ದಿನ ಕಾಯುತ್ತಿದ್ದರು. ನೋಂದಣಿಯಾದ ಕ್ರಯಕ್ಕೆ ಆ ಕಾಲ ಈಗ 7 ದಿನಕ್ಕೆ ಇಳಿದಿದೆ. ಕೆಲವು ಬಗೆಯ ಬದಲಾವಣೆಗಳನ್ನು ಯಾರ ಕೈಯೂ ಸೋಕದೆ ಯಂತ್ರವೇ ದಾಖಲಿಸುವ ಸ್ವಯಂಚಾಲಿತ ಮ್ಯುಟೇಶನ್ ಕೂಡ ಬಂದಿದೆ. ಲಂಚ ತಪ್ಪುತ್ತದೆ, ಅಲೆದಾಟ ತಪ್ಪುತ್ತದೆ. ಜೊತೆಗೆ, ಊರಲ್ಲಿಲ್ಲದ ಹೆಣ್ಣುಮಗಳಿಗೆ, ವಂಶವೃಕ್ಷದಲ್ಲಿ ಹೆಸರೇ ಬಿಟ್ಟುಹೋದ ತಂಗಿಗೆ ತಕರಾರು ಹೇಳುವ ಹೊತ್ತೂ ತಪ್ಪಬಹುದು.

ಯಂತ್ರದ ಮಾತೇ ನಿಜ ಎಂದು ನಂಬಿದರೆ ಏನಾಗುತ್ತದೆ ಎನ್ನುವುದಕ್ಕೆ ಬ್ರಿಟನ್ನಿನ ಅಂಚೆ ಕಚೇರಿಗಳ ಕತೆ ಇದೆ. 1999ರಿಂದ ಅಲ್ಲಿನ ಅಂಚೆ ಸಂಸ್ಥೆಯವರು ‘ಹೊರೈಜನ್’ ಎಂಬ ಲೆಕ್ಕದ ತಂತ್ರಾಂಶ ತಂದರು. ಅದು ಇಲ್ಲದ ಕೊರತೆ ತೋರಿಸಿತು. ಹಳ್ಳಿಯ ಅಂಚೆಮನೆ ನಡೆಸುತ್ತಿದ್ದವರು ನಾವು ಕದ್ದಿಲ್ಲ ಎಂದರೂ ಕೇಳಲಿಲ್ಲ. ಕಂಪ್ಯೂಟರ್ ಸರಿಯಾಗಿಯೇ ಇದೆ ಎಂದು ಭಾವಿಸುವುದು ಅಲ್ಲಿನ ನ್ಯಾಯಾಲಯಗಳ ರೂಢಿ. 900ಕ್ಕೂ ಹೆಚ್ಚು ಜನ ಅಪರಾಧಿಗಳೆನಿಸಿದರು. ಕೆಲವರು ಜೈಲು ಕಂಡರು, ಕೆಲವರು ಪ್ರಾಣ ಕಳೆದುಕೊಂಡರು. 2024ರಲ್ಲಿ ಪಾರ್ಲಿಮೆಂಟು ಕಾಯ್ದೆ ಮಾಡಿ ಆ ಶಿಕ್ಷೆಗಳನ್ನು ಅಳಿಸಬೇಕಾಯಿತು. ಅದನ್ನು ಓದಿದಾಗ ಆ ಅಂಚೆಯವರ ತಲೆಯ ಮೇಲೆ ನನಗೆ ಕಂಡದ್ದು ನಮ್ಮ ಹಿರಿಯರ ಮಣ್ಣಿನ ಉಂಡೆ. ತಪ್ಪು ಎಲ್ಲೋ ಮೇಲೆ. ಒಡೆದದ್ದು ಕೆಳಗಿನವನ ತಲೆಯ ಮೇಲೆ.

ಹಾಗಾಗಿ ನಾಳೆ ಯಂತ್ರ ಫೋಟೋ ನೋಡಿ ಬೆಳೆ ಹೇಳುವಾಗ, ಹೆಸರು ಹೋಲಿಸಿ ಇಬ್ಬರನ್ನು ಒಬ್ಬನೆನ್ನುವಾಗ, ಪರಿಹಾರದ ಪಟ್ಟಿಯಿಂದ ಒಂದು ಹೆಸರು ತೆಗೆಯುವಾಗ ನಮ್ಮ ಚಾವಡಿಯ ಮೂರು ರೂಢಿಗಳನ್ನು ಅದಕ್ಕೂ ಕಲಿಸಬೇಕು ಎಂದು ನಾನು ಕೈಮುಗಿದು ಕೇಳುತ್ತೇನೆ. ಒಂದು, ಜಮಾಬಂದಿಯಲ್ಲಿ ಊರ ಮುಂದೆ ಲೆಕ್ಕ ಓದುವಂತೆ, ತೀರ್ಮಾನವನ್ನು ಯಾರ ಮೇಲೆ ಮಾಡಿದ್ದಾರೋ ಅವರಿಗೆ ಕನ್ನಡದಲ್ಲಿ ಓದಿ ಹೇಳಬೇಕು, ಎರಡನೇ ಪರದೆಯಲ್ಲಿ ತೋರಿಸಬೇಕು. ಎರಡು, ತಕರಾರಿಗೆ ಹೊತ್ತು ಕೊಡಬೇಕು. ಹೊಲ ಕಂಡ ನೆರೆಯವನ ಮಾತಿಗೆ ಬೆಲೆ ಇರಬೇಕು. ಮೂರು, ಉತ್ತರ ಹೇಳುವ ಮನುಷ್ಯನ ಹೆಸರು ಇರಬೇಕು. ಅದು ಕೂಲಿಗೆ ಬೆರಳೊತ್ತಿದ ಹುಡುಗನ ಹೆಸರಾಗಬಾರದು. ಯಾರ ಅಧಿಕಾರದಿಂದ ಆ ಯಂತ್ರ ನಡೆಯಿತೋ ಅವರ ಹೆಸರಾಗಬೇಕು.

ಈಚೆಗೆ ಅರ್ಜಿಗಳೂ ಆನ್‌ಲೈನ್ ಆಗಿವೆ. ಆದರೂ ಜನ ಬರುತ್ತಾರೆ. ನಾನು ಟೈಪು ಮಾಡಿಸಿ, ಓದಿ ಹೇಳಿ, ಅವರ ರುಜು ಆದ ಮೇಲೆ ಹಾಳೆಯ ತಳದಲ್ಲಿ ಪೆನ್ನಿನಿಂದ ಬಿಕ್ಕಲಂ ಎಂದು ಬರೆದು ನನ್ನ ಹೆಸರು, ಊರು, ಫೋನ್ ನಂಬರು ಹಾಕುತ್ತೇನೆ. ಕಳೆದ ಸಂಕ್ರಾಂತಿಗೆ ಬಂದ ಮಗಳು ಅದನ್ನು ನೋಡಿ, “ಇದನ್ಯಾರೂ ಕೇಳಲ್ವಲ್ಲ ಅಪ್ಪಾ, ಯಾಕೆ ಬರೀತೀರಾ?” ಎಂದಳು. ನಾನು ಕುಳವಾಡಿ ತಾತನ ವಿಷಯವನ್ನೂ ಸೋದರಮಾವನ ಎರಡು ಎಕರೆಯ ವಿಷಯವನ್ನೂ ಹೇಳಿದೆ. ಅವಳು ಸುಮ್ಮನೆ ಕೇಳಿಸಿಕೊಂಡು, ಪೆಟ್ಟಿಗೆಯಲ್ಲಿದ್ದ ಅಪ್ಪನ ಮೊದಲ ಪಹಣಿಯನ್ನು ತೆಗೆದು, ತಳದಲ್ಲಿ ಲೆಕ್ಕಿಗರ ಮಾಸಿದ ರುಜುವನ್ನು ಹುಡುಕಿದಳು. ಅರವತ್ತು ವರ್ಷದ ಮೇಲೂ ಅದನ್ನು ಓದಬಹುದು.